‘ಐಡಾ ರೆಡ್’ನಿಂದ ‘ಮೇಬಲೀನ್’ವರೆಗೆ: ಒಂದು ಪಿಟೀಲು ಮಟ್ಟಿನ ಪಯಣ

ಚಕ್ ಬೆರಿಯ ‘ಮೇಬಲೀನ್’ ಕೇಳಿದ್ದೀರಾ? 1955ರ ಹಾಡು. ಕಾರುಗಳ ಓಟ, ಕೈಕೊಟ್ಟ ಹುಡುಗಿ, ಕಿರುಚುವ ಗಿಟಾರ್. ಅದು ಮುಗಿದ ಕೂಡಲೇ ಬಾಬ್ ವಿಲ್ಸ್ 1938ರಲ್ಲಿ ರೆಕಾರ್ಡ್ ಮಾಡಿದ ‘ಐಡಾ ರೆಡ್’ ಹಾಕಿ. ಎರಡಕ್ಕೂ ಇರುವ ನಂಟು ಕಿವಿಗೇ ಗೊತ್ತಾಗುತ್ತೆ.

‘ಐಡಾ ರೆಡ್’ ಅಮೆರಿಕದ ದಕ್ಷಿಣದ ಹಳ್ಳಿಗಳಲ್ಲಿ ಕುಣಿತಕ್ಕೆಂದು ನುಡಿಸುತ್ತಿದ್ದ ಪಿಟೀಲು ಮಟ್ಟು. ನಮ್ಮ ಜನಪದ ಹಾಡುಗಳ ಹಾಗೆ, ಕಟ್ಟಿದವರ ಹೆಸರಿಲ್ಲ. ವರ್ಜೀನಿಯಾದ ಪವರ್ಸ್ ಕುಟುಂಬ 1924ರಲ್ಲೇ ಇದನ್ನು ರೆಕಾರ್ಡ್ ಮಾಡಿತ್ತು.

ವಿಲ್ಸ್ ಟೆಕ್ಸಸ್‌ನವನು. ಅಪ್ಪನೂ ಪಿಟೀಲುಗಾರ. ಮನೆಯಲ್ಲಿ ಕುಣಿತದ ಮಟ್ಟುಗಳು. ಹತ್ತಿ ಹೊಲದಲ್ಲಿ ಜೊತೆಗೆ ದುಡಿಯುತ್ತಿದ್ದ ಕಪ್ಪು ಕುಟುಂಬಗಳಿಂದ ಬ್ಲೂಸ್. ಮುಂದೆ ಸ್ವಲ್ಪ ಕಾಲ ಟರ್ಕಿ ಅನ್ನೋ ಸಣ್ಣ ಊರಲ್ಲಿ ಕ್ಷೌರದ ಕೆಲಸವನ್ನೂ ಮಾಡಿದ. (ಹೌದು, ಟೆಕ್ಸಸ್‌ನಲ್ಲಿ ಒಂದು ಟರ್ಕಿ ಇದೆ.) 1934ರಲ್ಲಿ ಟಲ್ಸಾದ ಕೆವಿಒಒ ರೇಡಿಯೊ ಸೇರಿದ ಮೇಲೆ ಅವನ ‘ಟೆಕ್ಸಸ್ ಪ್ಲೇಬಾಯ್ಸ್’ ತಂಡ ಬೆಳೆಯುತ್ತಾ ಹೋಯಿತು. ಪಿಟೀಲಿನ ಪಕ್ಕದಲ್ಲಿ ಡ್ರಮ್ಸ್, ಸ್ಯಾಕ್ಸೊಫೋನ್, ಕರೆಂಟಿನ ಸ್ಟೀಲ್ ಗಿಟಾರ್! ಹಳೇ ಪಿಟೀಲುಗಾರರು ಕುಣಿಯುವವರು ಸುಸ್ತಾಗುವವರೆಗೆ ಒಂದೇ ಮಟ್ಟನ್ನು ತಿರುಗಿಸಿ ತಿರುಗಿಸಿ ನುಡಿಸುತ್ತಿದ್ದರು. ಇಲ್ಲಿ ಹಾಗಲ್ಲ. ಜಾಝ್ ತಂಡಗಳ ಹಾಗೆ ಒಬ್ಬೊಬ್ಬರೇ ಸರದಿಯಲ್ಲಿ ಮುಂದೆ ಬಂದು ತಮಗೆ ತೋಚಿದ್ದನ್ನು ನುಡಿಸುತ್ತಾರೆ. ನಡುನಡುವೆ ವಿಲ್ಸ್ ‘ಆ-ಹಾ’ ಅಂತ ಕೂಗು ಹಾಕುತ್ತಾನೆ. ಈ ಶೈಲಿಗೆ ಆಮೇಲೆ ವೆಸ್ಟರ್ನ್ ಸ್ವಿಂಗ್ ಅನ್ನೋ ಹೆಸರು ಬಂತು. ಅವನ ‘ಐಡಾ ರೆಡ್’ನ ಚರಣಗಳಲ್ಲಿ 1878ರ ಬೇರೊಂದು ಹಾಡಿನ ಸಾಲುಗಳೂ ಸೇರಿಕೊಂಡಿವೆ. ಸಾಲ ತಂದಿದ್ದು ಅಂತ ಯಾರೂ ಮುಚ್ಚಿಡುವ ಕಾಲವಲ್ಲ ಅದು.

ಆ ಮಟ್ಟನ್ನು ಹಿಡಿದು ಬೆರಿ ಹೊಸ ಹಾಡು ಕಟ್ಟಿ ಶಿಕಾಗೋದ ಚೆಸ್ ರೆಕಾರ್ಡ್ಸ್‌ಗೆ ಹೋದ. ಕಪ್ಪು ಗಾಯಕ, ಬಿಳಿಯರದ್ದು ಅಂತ ಎಲ್ಲರೂ ಅಂದುಕೊಂಡಿದ್ದ ಹಳ್ಳಿ ಸಂಗೀತ. ಲಿಯೊನಾರ್ಡ್ ಚೆಸ್‌ಗೆ ಹಿಡಿಸಿದ್ದೇ ಆ ಬೆರಕೆ. ಹೆಸರು ಮಾತ್ರ ಬದಲಾಯಿತು.

ಹಾಡು ಹಿಟ್ ಆಯಿತು. ಆದರೆ ರಚನೆಕಾರರ ಪಟ್ಟಿಯಲ್ಲಿ ಬೆರಿ ಜೊತೆ ಇನ್ನೆರಡು ಹೆಸರು: ರೇಡಿಯೊದ ಡಿಜೆ ಅಲನ್ ಫ್ರೀಡ್ ಮತ್ತು ರಸ್ ಫ್ರಾಟೊ. ಹಾಡು ಬರೆದಿದ್ದು ಇಬ್ಬರೂ ಅಲ್ಲ. ನಾವು ಬರೆಯೋ ಕೋಡ್‌ನಲ್ಲಾದರೆ ಯಾವ ಸಾಲು ಯಾರದ್ದು ಅಂತ ಗಿಟ್ ಒಂದೇ ಕಮಾಂಡ್‌ಗೆ ಹೇಳಿಬಿಡುತ್ತೆ. ಬೆರಿಗೆ ತನ್ನ ಹಾಡು ಪೂರ್ತಿ ತನ್ನ ಹೆಸರಿಗೆ ವಾಪಸ್ ಸಿಗೋ ಹೊತ್ತಿಗೆ 1986 ಆಗಿತ್ತು.