ಕೊನೆಯ ಮನೆಯದು ಮೊದಲು ಒಳಗೆ

ಬೆಂಗಳೂರಿನ ಪಾರ್ಸೆಲ್ ಗೋದಾಮೊಂದರಲ್ಲಿ ಬೆಳಗಿನ ಲೋಡಿಂಗ್ ನೋಡಿಕೊಳ್ಳುವುದು ನನ್ನ ಕೆಲಸ. ಹೊಸ ಹುಡುಗರಿಗೆ ಮೊದಲು ಹೇಳಿಕೊಡುವುದು ಇಷ್ಟೇ: ಕೊನೆಗೆ ಇಳಿಸುವುದನ್ನು ಮೊದಲು ಹತ್ತಿಸು. ಗಾಡಿಗೆ ಬಾಗಿಲು ಹಿಂದುಗಡೆ ಮಾತ್ರ. ಜಯನಗರದಲ್ಲಿ ಶುರುವಾಗಿ ಬನಶಂಕರಿಯಲ್ಲಿ ಮುಗಿಯುವ ರೂಟ್ ಆದರೆ ಬನಶಂಕರಿಯ ಮಾಲು ಕ್ಯಾಬಿನ್ ಕಡೆಗೆ, ಜಯನಗರದ್ದು ಬಾಗಿಲ ಹತ್ತಿರ.

ಹೇಳುವಷ್ಟು ಸುಲಭವಲ್ಲ. ಮೊದಲ ಮನೆಗೆ ಗ್ರೈಂಡರ್, ಕೊನೆಯ ಮನೆಗೆ ಗಾಜಿನ ದೀಪ ಎಂದಿಟ್ಟುಕೊಳ್ಳಿ. ಸರದಿ ನೋಡಿದರೆ ದೀಪ ಮೊದಲು ಒಳಗೆ ಹೋಗಬೇಕು. ಆದರೆ ಭಾರದ್ದು ಕೆಳಗೆ, ಒಡೆಯುವುದು ಮೇಲೆ ಇರಬೇಕಲ್ಲ! ಭಾರವೆಲ್ಲ ಹಿಂದೆ ಬಿದ್ದರೆ ಮುಂದಿನ ಚಕ್ರದ ಹಿಡಿತ ತಪ್ಪುತ್ತದೆ, ಒಂದೇ ಪಕ್ಕಕ್ಕೆ ಬಿದ್ದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ಇನ್ನು ದಿಂಬುಗಳಿಗೆ ತೂಕವೇ ಇಲ್ಲ, ಜಾಗ ಮಾತ್ರ ಬೇಕಾದಷ್ಟು. ಅದಕ್ಕೇ ಕೊರಿಯರ್‌ನವರು ಸಾಮಾನ್ಯವಾಗಿ ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುತ್ತಾರೆ. 50, 40, 30 ಸೆಂಟಿಮೀಟರಿನ ಡಬ್ಬ 2 ಕೆಜಿ ತೂಗಿದರೂ ದರ 12 ಕೆಜಿಗೆ.

ರೂಟ್‌ನ ಲೆಕ್ಕ ಇನ್ನೂ ಕಠಿಣ. ಬರೀ 10 ಮನೆಗಳನ್ನು 36,28,800 ಬಗೆಯ ಸರದಿಯಲ್ಲಿ ಮುಟ್ಟಬಹುದು. 15 ಮನೆಯಾದರೆ ಲಕ್ಷ ಕೋಟಿ ದಾಟುತ್ತದೆ. ಪೆಟ್ರೋಲ್ ಟ್ಯಾಂಕರ್‌ಗಳನ್ನು ಬಂಕ್‌ಗಳಿಗೆ ಕಳಿಸುವ ಇಂಥದೇ ಸಮಸ್ಯೆಯನ್ನು 1959ರಲ್ಲಿ ಜಾರ್ಜ್ ಡಾಂಟ್ಜಿಗ್, ಜಾನ್ ರಾಮ್ಸರ್ ಗಣಿತಕ್ಕೆ ತಂದರು. ಈಗಲೂ ದೊಡ್ಡ ರೂಟ್‌ಗಳಿಗೆ ಕಂಪ್ಯೂಟರ್ ಹುಡುಕಿಕೊಡುವುದು ಬಹುಮಟ್ಟಿಗೆ ಒಳ್ಳೆಯ ದಾರಿಯನ್ನು. ಅದಕ್ಕಿಂತ ಒಳ್ಳೆಯದು ಇಲ್ಲವೆಂಬ ಖಾತ್ರಿ ಇರುವುದಿಲ್ಲ. ಅಮೆರಿಕದ ಯುಪಿಎಸ್ ಕಂಪನಿ ಎದುರಿನ ವಾಹನಗಳನ್ನು ದಾಟಿ ಎಡಕ್ಕೆ ತಿರುಗುವುದನ್ನು ಆದಷ್ಟು ತಪ್ಪಿಸುತ್ತದೆ. ನಮ್ಮಲ್ಲಿ ಅದು ಬಲ ತಿರುವು. ನಮ್ಮ ಅನುಭವಿ ಡ್ರೈವರುಗಳೂ ಅದನ್ನು ತಪ್ಪಿಸಿಯೇ ಓಡಿಸುತ್ತಾರೆ.

ರೂಟ್ ಮಾಡುವವರು ಒಂದು ಕಡೆ, ಲೋಡ್ ಮಾಡುವವರು ಇನ್ನೊಂದು ಕಡೆ ಕೂತರೆ ಕೆಲಸ ಕೆಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಗಾಡಿ ತುಂಬಿದ ಮೇಲೆ ಸರದಿ ಬದಲಾಯಿಸಿದರೆ ಡ್ರೈವರ್ ರಸ್ತೆ ಬದಿಯಲ್ಲಿ ನಿಂತು, ಅರ್ಧ ಮಾಲು ಇಳಿಸಿ ಒಂದು ಡಬ್ಬ ಹುಡುಕಬೇಕು. ಆ ಹೊತ್ತು ಅವನ ಊಟದ ಹೊತ್ತಿನಿಂದ ಹೋಗುತ್ತದೆ.

ವಿಳಾಸದಿಂದಲೂ ಇದೇ ಪಾಡು. ಬಡಾವಣೆಗೊಂದು 5ನೇ ಕ್ರಾಸ್ ಇರುವ ಊರಿದು. ಪಿನ್‌ಕೋಡ್ ಒಂದು ಅಂಚೆ ಕಚೇರಿಯ ವ್ಯಾಪ್ತಿ ಹೇಳುತ್ತದೆಯೇ ಹೊರತು ನಿಮ್ಮ ಮನೆಯನ್ನಲ್ಲ. ದಯವಿಟ್ಟು ಬ್ಲಾಕ್, ಮೇನ್, ಕ್ರಾಸ್ ಮೂರನ್ನೂ ಬರೆಯಿರಿ, ಹತ್ತಿರದ ದೇವಸ್ಥಾನವನ್ನೋ ಶಾಲೆಯನ್ನೋ ಸೇರಿಸಿ, ಡ್ರೈವರ್ ಫೋನ್ ಮಾಡಿದಾಗ ಎತ್ತಿಕೊಳ್ಳಿ.