ನಾಲ್ಕು ಮನೆಯ ಪದ

ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಒಂದು ಬೆಂಚಿನ ಮೇಲೆ ಬೆಳಗಿನ ಏಳು ಗಂಟೆಗೆ ನಾಲ್ವರು ವಯಸ್ಸಾದವರು ಕುಳಿತು, ಒಂದು ಹಾಳೆಯ ತುಂಡನ್ನು ಕೈಯಿಂದ ಕೈಗೆ ದಾಟಿಸುತ್ತ ದನಿಯೇರಿಸಿ ವಾದ ಮಾಡುತ್ತಿದ್ದರೆ, ನೋಡಿದವರು ಅದನ್ನು ಆಸ್ತಿಯ ವ್ಯಾಜ್ಯವೆಂದೇ ತಿಳಿದಾರು. ವ್ಯಾಜ್ಯವೇನೋ ನಿಜ. ಆದರೆ ಅದು ನಾಲ್ಕು ಅಕ್ಷರದ ಒಂದು ಪದಕ್ಕೆ ಸಂಬಂಧಿಸಿದ್ದು. ಆ ನಾಲ್ವರಲ್ಲಿ ನಾನೂ ಒಬ್ಬ. ಮಿಕ್ಕ ಮೂವರಲ್ಲಿ ಒಬ್ಬರು ನಮ್ಮ ಬೀದಿಯವರೇ. ಇನ್ನೊಬ್ಬರು ಮಲ್ಲೇಶ್ವರದಿಂದ ಬಸ್ಸು ಹಿಡಿದು ಬರುವವರು, ಮನೆಮಾತು ತಮಿಳು. ಮತ್ತೊಬ್ಬರು ಧಾರವಾಡದ ಕಡೆಯಿಂದ ಬಂದು ಚಾಮರಾಜಪೇಟೆಯಲ್ಲಿ ನೆಲೆಸಿದವರು. ಇಂದು ನಾನು ಹೇಳಹೊರಟಿರುವುದು ನಮ್ಮ ಈ ಆಟದ ಸ್ವರೂಪವನ್ನು. ಹಾಗೆಯೇ ಅದನ್ನು ಕನ್ನಡದಲ್ಲಿ ಆಡಹೊರಟಾಗ ಎದುರಾದ, ನೋಡಲು ಚಿಕ್ಕದಾದರೂ ಬಗೆಹರಿಸಲು ಚಿಕ್ಕದಲ್ಲದ ಒಂದು ಪ್ರಶ್ನೆಯನ್ನು.

ಮೊದಲು ನಾವು ಮಾಡುತ್ತಿದ್ದುದು ಪತ್ರಿಕೆಯ ಪದಬಂಧವನ್ನು. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತ ಅಚ್ಚು ಮಾಡಿಸಿದ ವಜ್ರಾಕಾರದ ಒಂದು ಚೌಕಳಿಯಿಂದ ಹುಟ್ಟಿದ ಈ ವಿನೋದ ಕನ್ನಡಕ್ಕೂ ಬಂದು ಚೆನ್ನಾಗಿಯೇ ಬೇರುಬಿಟ್ಟಿತು. ಎ. ಎನ್. ಪ್ರಹ್ಲಾದರಾವ್ ಅವರೊಬ್ಬರೇ ಸಾವಿರಾರು ಪದಬಂಧಗಳನ್ನು ರಚಿಸಿ ದಾಖಲೆ ಮಾಡಿದ್ದಾರೆ. ಆದರೆ ನಮ್ಮ ಬೆಂಚಿಗೆ ಪದಬಂಧದಿಂದ ಒಂದು ತೊಂದರೆ ಇತ್ತು. ಮಲ್ಲೇಶ್ವರದ ಗೆಳೆಯರು ಬಸ್ಸಿನಲ್ಲೇ ಅದನ್ನು ತುಂಬಿ ಮುಗಿಸಿ ಬರುತ್ತಿದ್ದರು. ಮುಗಿಸಿದವನು ನಗುತ್ತ ಕುಳಿತಿರುವಾಗ ಉಳಿದವರು ತಲೆ ಕೆರೆದುಕೊಳ್ಳುವುದರಲ್ಲಿ ಸ್ನೇಹಸುಖವೇನೂ ಇಲ್ಲ.

2022ರ ಆರಂಭದಲ್ಲಿ ಒಬ್ಬರ ಮೊಮ್ಮಗಳು ತನ್ನ ದೂರವಾಣಿಯಲ್ಲಿ ‘ವರ್ಡಲ್’ ಎಂಬ ಇಂಗ್ಲಿಷ್ ಆಟವನ್ನು ನಮಗೆ ತೋರಿಸಿದಳು. ಜಾಶ್ ವಾರ್ಡಲ್ ಎಂಬ ತಂತ್ರಜ್ಞ ತನ್ನ ಸಂಗಾತಿಯ ವಿನೋದಕ್ಕೆಂದು ಮಾಡಿದ್ದ ಆಟ ಅದು; 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ತೆರೆದಿಟ್ಟ. ಆ ವರ್ಷದ ನವೆಂಬರ್ ಒಂದನೆಯ ತಾರೀಕು, ಎಂದರೆ ನಾವು ಇಲ್ಲಿ ರಾಜ್ಯೋತ್ಸವದ ಬಾವುಟ ಏರಿಸುತ್ತಿದ್ದ ದಿನ, ಅದನ್ನು ಆಡುತ್ತಿದ್ದವರು 90 ಮಂದಿ. ಎರಡು ತಿಂಗಳಲ್ಲಿ ಮೂರು ಲಕ್ಷ. ಜನವರಿ ಮುಗಿಯುವಷ್ಟರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಅದನ್ನು ಕೊಂಡುಕೊಂಡಿತು. ಐದು ಅಕ್ಷರದ ಒಂದು ಗುಪ್ತಪದ, ಊಹಿಸಲು ಆರು ಅವಕಾಶ. ಪ್ರತಿ ಊಹೆಗೂ, ಯಾವ ಅಕ್ಷರ ಸರಿಯಾದ ಜಾಗದಲ್ಲಿದೆ, ಯಾವುದು ಪದದಲ್ಲಿದ್ದರೂ ಜಾಗ ಬೇರೆ, ಯಾವುದು ಇಲ್ಲವೇ ಇಲ್ಲ ಎಂದು ಬಣ್ಣದ ಮೂಲಕ ತಿಳಿಸುತ್ತದೆ. ದಿನಕ್ಕೆ ಒಂದೇ ಪದ. ಲೋಕಕ್ಕೆಲ್ಲ ಅದೇ ಪದ. ಅದರ ಗುಟ್ಟು ಇರುವುದು ಇಲ್ಲಿಯೇ ಎಂದು ನನ್ನ ಎಣಿಕೆ. ಇನ್ನೊಂದು ಬೇಕೆಂದರೆ ನಾಳೆಯವರೆಗೆ ಕಾಯಬೇಕು. ಕಾಯುವಾಗ ಮಾಡಲು ಉಳಿಯುವ ಕೆಲಸವೆಂದರೆ, ಅದೇ ಪದದೊಡನೆ ಸೆಣಸಿದ ಇನ್ನೊಬ್ಬನನ್ನು ಹುಡುಕಿ ಮಾತಾಡುವುದು.

ಇದನ್ನು ಕನ್ನಡದಲ್ಲಿ ಆಡೋಣವೆಂದು ನಿಶ್ಚಯಿಸಿದೆವು. ಯಂತ್ರ ಬೇಡ, ಕಾಗದ ಸಾಕು. ದಿನಕ್ಕೊಬ್ಬರು ಪದವನ್ನು ಬರೆದು ಮಡಿಸಿ ಜೇಬಿನಲ್ಲಿಡುವುದು, ಮಿಕ್ಕವರು ಸರದಿಯಂತೆ ಊಹಿಸುವುದು. ಮೊದಲ ದಿನವೇ ಆಟ ನಿಂತಿತು. ಕಾರಣ ಇಷ್ಟೆ: ‘ಕನ್ನಡ’ ಎಂಬ ಪದದಲ್ಲಿ ಅಕ್ಷರಗಳೆಷ್ಟು?

ಮೂರು, ಎಂದೆ ನಾನು: ಕ, ನ್ನ, ಡ. ಪದಬಂಧದಲ್ಲಿ ಅದಕ್ಕೆ ಮೂರೇ ಮನೆ. ಮಲ್ಲೇಶ್ವರದವರು ನಾಲ್ಕು ಎಂದರು. ಅವರ ಲೆಕ್ಕವೂ ಹುಡುಗಾಟದ್ದಲ್ಲ. ತಮಿಳಿನಲ್ಲಿ ಚುಕ್ಕೆಯಿಟ್ಟ ವ್ಯಂಜನ ತಾನೇ ಒಂದು ಎೞುತ್ತು. 247 ಎೞುತ್ತುಗಳ ಪಟ್ಟಿಯಲ್ಲಿ ಅದಕ್ಕೆ ಸ್ವಂತ ಸ್ಥಾನವುಂಟು. ನಮಗೆ ‘ಅಮ್ಮ’ ಎರಡಕ್ಷರವಾದರೆ ಅವರ ‘ಅಮ್ಮಾ’ ಮೂರು: ಅ, ಮ್, ಮಾ. ಗಣಕಯಂತ್ರವನ್ನು ಕೇಳಿದರೆ ಅದರ ಉತ್ತರ ಐದು. ಅದು ‘ಕನ್ನಡ’ವನ್ನು ಕ, ನ, ವಿರಾಮಚಿಹ್ನೆಯಾದ ಹಲಂತ, ಮತ್ತೆ ನ, ಡ ಎಂದು ಐದು ಸಂಕೇತಗಳಾಗಿ ಕೂಡಿಟ್ಟುಕೊಳ್ಳುತ್ತದೆ. ‘ಬೆಂಗಳೂರು’ ನಮಗೆ ನಾಲ್ಕು ಮನೆ, ಯಂತ್ರಕ್ಕೆ ಎಂಟು ಸಂಕೇತ. ಇಂಗ್ಲಿಷಿನ ಆಟದ ಅಚ್ಚಿಗೆ ಕನ್ನಡವನ್ನು ಹಾಗೆಯೇ ಸುರಿದರೆ, ಒಂದು ಮನೆಯಲ್ಲಿ ಬರಿಯ ಕೊಂಬು, ಇನ್ನೊಂದರಲ್ಲಿ ಬರಿಯ ಸೊನ್ನೆ ಬಂದು ಕೂರುತ್ತದೆ. ಕೊಂಬನ್ನು ಉಚ್ಚರಿಸಿದವರುಂಟೇ? ನಮ್ಮ ಛಂದಸ್ಸು ಎಣಿಸುವುದು ಸ್ವರ ಕೂಡಿ ಜೀವ ಬಂದ ಅಕ್ಷರವನ್ನು. ಕೊನೆಗೆ ಕಿವಿಯ ಲೆಕ್ಕವೇ ಗೆದ್ದಿತು. ಒಂದು ಉಸಿರಿನ ಗುಣುಕಿಗೆ ಒಂದು ಮನೆ. ಒತ್ತಕ್ಷರವಿರಲಿ, ಸೊನ್ನೆಯಿರಲಿ, ಅದು ಆ ಮನೆಯೊಳಗೇ ಇರತಕ್ಕದ್ದು.

ಅಷ್ಟಾದರೂ ಆಟ ಸಾಗಲಿಲ್ಲ. ಇಂಗ್ಲಿಷಿನಲ್ಲಿ ಅಕ್ಷರಗಳು 26; ನಾಲ್ಕೈದು ಊಹೆಗಳಲ್ಲಿ ಅವುಗಳಲ್ಲಿ ಬಹುಭಾಗವನ್ನು ಜಾಲಾಡಿಬಿಡಬಹುದು. ನಮ್ಮ ವರ್ಣಮಾಲೆ 49 ಎಂದು ಮಕ್ಕಳ ಪುಸ್ತಕ ಹೇಳಿದರೂ, ಮನೆಯಲ್ಲಿ ಕೂರುವುದು ವರ್ಣವಲ್ಲ, ಗುಣಿತಾಕ್ಷರ. 34 ವ್ಯಂಜನಗಳಿಗೆ ಕಾಗುಣಿತದ 15 ರೂಪಗಳೆಂದರೆ ಅಲ್ಲಿಗೇ 510. ಒತ್ತಕ್ಷರಗಳ ಮಾತು ಬೇರೆ. ಆರು ಊಹೆಗಳಲ್ಲಿ ನಾವು ಮುಟ್ಟಿ ನೋಡಬಹುದಾದ್ದು ಹೆಚ್ಚೆಂದರೆ 24 ಅಕ್ಷರ. ಕತ್ತಲೆಯಲ್ಲಿ ಕರಿಯ ಬೆಕ್ಕನ್ನು ಹುಡುಕಿದ ಹಾಗೆ. ಆಗ ನಮ್ಮ ಬೀದಿಯ ಗೆಳೆಯರು, ಅವರು ಶಾಲೆಯ ಮೇಷ್ಟರಾಗಿದ್ದವರು, ಅರ್ಧ ಅಂಕ ಕೊಡುವ ತಮ್ಮ ಹಳೆಯ ಅಭ್ಯಾಸವನ್ನು ಇಲ್ಲಿಗೂ ತಂದರು. ವ್ಯಂಜನ ಸರಿ, ಗುಣಿತ ತಪ್ಪು ಎಂದಾದರೆ ‘ಅರ್ಧ’. ಅದೇ ಮನೆಯಲ್ಲಿದ್ದರೆ ‘ಹತ್ತಿರದ ಅರ್ಧ’. ಬೇರೆ ಮನೆಯಲ್ಲಿದ್ದರೆ ‘ದೂರದ ಅರ್ಧ’. ಈ ಒಂದು ಸೂತ್ರದಿಂದ ಆಟಕ್ಕೆ ಪ್ರಾಣ ಬಂದಿತು.

ಬಾನುಲಿಯಲ್ಲಿ ಚೌಕಗಳನ್ನು ಬರೆದು ತೋರಿಸಲಾರೆ. ಕೇಳುಗರು ಒಂದು ಪೆನ್ಸಿಲು ಹಿಡಿದರೆ ಸಾಕು. ಒಂದು ದಿನ ಗೆಳೆಯರು ಪದವೊಂದನ್ನು ಬರೆದು ಬಚ್ಚಿಟ್ಟರು. ನನ್ನ ಮೊದಲ ಊಹೆ ‘ಬೆಂಗಳೂರು’. ನಾಲ್ಕೂ ಇಲ್ಲ, ಬ, ಗ, ಳ, ರ ಯಾವ ರೂಪದಲ್ಲೂ ಇಲ್ಲ. ನಷ್ಟವೆನ್ನಬೇಡಿ, ಒಂದೇ ಏಟಿಗೆ ಕಾಗುಣಿತದ ನಾಲ್ಕು ಸಾಲು ಅಳಿಸಿಹೋಯಿತು. ಎರಡನೆಯದು ‘ಕಡಗೋಲು’. ಎರಡನೆಯ ಮನೆಯ ಡ ಪೂರ್ತಿ ಸರಿ. ನಾಲ್ಕನೆಯ ಲು ಹತ್ತಿರದ ಅರ್ಧ. ಅಲ್ಲಿಗೆ ಕೊನೆಯಲ್ಲಿ ಲಕಾರವಿದೆ, ಕೊಂಬಿಲ್ಲ. ಮೂರನೆಯದು ‘ಸಂಪಾದನೆ’. ಮೊದಲ ಮನೆಯ ಸಂ ದೂರದ ಅರ್ಧ, ಎರಡನೆಯ ಪಾ ಕೂಡ ದೂರದ ಅರ್ಧ, ಉಳಿದೆರಡು ಇಲ್ಲ. ಖಾಲಿ ಇರುವ ಮನೆಗಳು ಒಂದು ಮತ್ತು ಮೂರು. ಸಕಾರ ಮೊದಲ ಮನೆಯದಾಗಿದ್ದರೆ ಹತ್ತಿರದ ಅರ್ಧ ಎನ್ನಬೇಕಿತ್ತು; ಆದ್ದರಿಂದ ಅದು ಮೂರನೆಯದು, ಪಕಾರ ಒಂದನೆಯದು. ಪ, ಡ, ಸ, ಲ. ಬಾಯಿಯಲ್ಲಿ ಎರಡು ಸಲ ಹೊರಳಿಸಿದೊಡನೆ ‘ಪಡಸಾಲೆ’ ತಾನಾಗಿ ಹೊರಬಂದಿತು. ನಮ್ಮ ಪೇಟೆಗಳಲ್ಲಿ ಹಳೆಯ ಮನೆಗಳು ಉರುಳಿ ಪಡಸಾಲೆ ಅಪರೂಪವಾಗಿದೆ. ಪದವಿನ್ನೂ ನಾಲಗೆಯ ಮೇಲಿದೆ.

ಅಕ್ಷರವನ್ನೂ ಅದರ ಮನೆಯನ್ನೂ ಕೊಟ್ಟು ಮಾತನ್ನು ಕಟ್ಟಿಸುವ ಈ ವಿದ್ಯೆ ನಮಗೆ ಹೊಸದೆಂದು ಯಾರೂ ಭ್ರಮಿಸಬೇಕಾಗಿಲ್ಲ. ಅವಧಾನಕಲೆಯಲ್ಲಿ ವ್ಯಸ್ತಾಕ್ಷರಿ ಎಂಬ ಒಂದು ಅಂಗವಿದೆ. ಪೃಚ್ಛಕನೊಬ್ಬ ಒಂದು ವಾಕ್ಯದ ಅಕ್ಷರಗಳನ್ನು ಚೆದುರಿಸಿ, ಹದಿನಾರನೆಯ ಅಕ್ಷರ ಇದು, ಮೂರನೆಯದು ಇದು ಎಂದು, ಅವಧಾನಿ ಬೇರೆ ಪದ್ಯದಲ್ಲಿ ಮಗ್ನನಾಗಿರುವಾಗ ನಡುನಡುವೆ ಕೊಡುತ್ತ ಹೋಗುತ್ತಾನೆ. ಕಡೆಯಲ್ಲಿ ಅವಧಾನಿ ಇಡೀ ವಾಕ್ಯವನ್ನು ಜೋಡಿಸಿ ಹೇಳಬೇಕು. ಕಾಗದವಿಲ್ಲ, ಪೆನ್ಸಿಲಿಲ್ಲ. ಶತಾವಧಾನಿ ರಾ. ಗಣೇಶರು 2012ರಲ್ಲಿ ಬೆಂಗಳೂರಿನಲ್ಲಿ ಸಂಪೂರ್ಣವಾಗಿ ಕನ್ನಡದಲ್ಲೇ ಶತಾವಧಾನ ನಡೆಸಿದರು. ನಮ್ಮದು ಅದರ ಮುಂದೆ ಬಾಲಲೀಲೆ. ಆದರೂ ಅಲ್ಲಿಯೂ ಇಲ್ಲಿಯೂ ಎಣಿಕೆಯ ಘಟಕ ಒಂದೇ, ಬಾಯಲ್ಲಿ ಬರುವ ಅಕ್ಷರ.

ಬಾಯಿ ಎಂದೆ. ಯಾರ ಬಾಯಿ? ಇದನ್ನು ನಾವು ಯೋಚಿಸಿರಲಿಲ್ಲ. ಒಂದು ದಿನ ಚಾಮರಾಜಪೇಟೆಯ ಗೆಳೆಯರ ಸರದಿ. ಆರು ಊಹೆಗಳೂ ಮುಗಿದವು. ‘ಬೀಸಣಿಗೆ’ ಎಂದಾಗ ಕೊನೆಯ ಅಕ್ಷರಕ್ಕೆ ಹತ್ತಿರದ ಅರ್ಧ ಸಿಕ್ಕಿದ್ದು ಬಿಟ್ಟರೆ ನಮಗೆ ಏನೂ ಹೊಳೆಯಲಿಲ್ಲ. ಅವರು ಚೀಟಿ ಬಿಡಿಸಿ ತೋರಿಸಿದರು: ‘ಪಾವಟಿಗಿ’. ಅರ್ಥವೇನೆಂದು ಕೇಳಿದೆವು. ಮೆಟ್ಟಿಲು ಎಂದರು. ಸೋತ ಕಸಿವಿಸಿಯಿಂದ ನಾನು, “ಅಂಥ ಪದವೇ ಇಲ್ಲ ಬಿಡಿ” ಎಂದುಬಿಟ್ಟೆ. ಅವರ ಮುಖ ಬಾಡಿತು. “ರಾಯರ, ನಿಮ್ಮ ಮನ್ಯಾಗ ಇಲ್ಲದ ಮಾತು ಕನ್ನಡದಾಗೇ ಇಲ್ಲೇನ್ರಿ? ನಮ್ಮವ್ವ ದಿನಾ ಪಾವಟಿಗಿ ಮ್ಯಾಲ ಕುಂತು ಅಕ್ಕಿ ಹಸನ ಮಾಡ್ತಿದ್ಲು” ಎಂದು ಹೇಳಿ, ಚೀಟಿಯನ್ನು ಮತ್ತೆ ಮಡಿಸಿ ಜೇಬಿನಲ್ಲಿಟ್ಟುಕೊಂಡು ಎದ್ದು ಹೋದರು. ಮರುದಿನ ಬರಲಿಲ್ಲ. ಮುಂದಿನ ಹನ್ನೊಂದು ದಿನ ಬರಲಿಲ್ಲ. ಮೂವರು ಆಡಿದೆವು, ಆಟ ಸಪ್ಪೆಯಾಯಿತು.

ಮನೆಯಲ್ಲಿ ನಿಘಂಟನ್ನು ತೆರೆದದ್ದು ನಿಜವಾಗಿ ನನ್ನ ಮಾತನ್ನು ಸಮರ್ಥಿಸಿಕೊಳ್ಳುವುದಕ್ಕೆ. ‘ಪಾವಟಿಗೆ’ ಅಲ್ಲಿತ್ತು: ಮೆಟ್ಟಿಲು, ಸೋಪಾನ. ಕನ್ನಡ ಸಾಹಿತ್ಯ ಪರಿಷತ್ತು ತನ್ನ ಎಂಟು ಸಂಪುಟಗಳ ನಿಘಂಟನ್ನು 1970ರಿಂದ 1995ರವರೆಗೆ ಹೊರತಂದದ್ದು ಇದೇ ಚಾಮರಾಜಪೇಟೆಯ ಕಟ್ಟಡದಿಂದ. ಆ ಕೆಲಸದ ಹಿರಿಯರಾದ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಪದಸಂದೇಹಗಳಿಗೆ ಉತ್ತರ ಬರೆದರು. ಆ ಊರಿನಲ್ಲಿದ್ದುಕೊಂಡು, ನಾನು ಕೇಳಿಲ್ಲವಾದ್ದರಿಂದ ಪದವಿಲ್ಲ ಎಂದು ತೀರ್ಪು ಕೊಟ್ಟಿದ್ದೆ.

ಸಂಜೆ ಗೆಳೆಯರ ಮನೆಗೆ ಹೋದೆ. ಅವರು ಬಾಗಿಲಲ್ಲೇ ನಿಲ್ಲಿಸಲಿಲ್ಲ. ಒಳಗೆ ಕರೆದು ಚಹಾ ಕೊಡಿಸಿದರು. ನಿಘಂಟಿನ ವಿಷಯ ಹೇಳಿ, ತಪ್ಪಾಯಿತೆಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದರಾಗ ಗೆ ಅದನೋ, ಗಿ ಅದನೋ?” ಎಂದು ಕೇಳಿದರು. ಗೆ ಎಂದೆ. “ಹಂಗಾದ್ರ ನಂಗ ಹತ್ತಿರದ ಅರ್ಧ” ಎಂದು ನಕ್ಕರು.

ನಕ್ಕರೇನೋ ಸರಿ, ಆದರೆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಧಾರವಾಡದ ಬಾಯಲ್ಲಿ ಮನೆ ‘ಮನಿ’ಯಾಗುತ್ತದೆ, ಪಾವಟಿಗೆ ‘ಪಾವಟಿಗಿ’ಯಾಗುತ್ತದೆ. ಅದು ತಪ್ಪು ಗುಣಿತವಲ್ಲ. ಒಂದು ಪ್ರದೇಶವೇ ಹಾಗೆ ನುಡಿಯುತ್ತದೆ. ಅದಕ್ಕೆ ಅರ್ಧ ಅಂಕ ಹಾಕುವ ಅಧಿಕಾರವನ್ನು ಮೈಸೂರು ಸೀಮೆಯ ನಮಗೆ ಕೊಟ್ಟವರು ಯಾರು? ಈಗ ನಮ್ಮಲ್ಲಿ ಹೊಸದೊಂದು ನಿಯಮವಿದೆ. ಪದ ಬಚ್ಚಿಟ್ಟವರು, ಅದನ್ನು ತಮ್ಮ ಮನೆಯಲ್ಲಿ ಯಾರು, ಯಾವ ಮಾತಿನಲ್ಲಿ ಬಳಸುತ್ತಿದ್ದರೆಂದು ಹೇಳಿದರೆ ಸಾಕು, ಆ ಪದ ಉಂಟು. ನಿಘಂಟಿನ ಸಾಕ್ಷಿ ಬೇಕಿಲ್ಲ. ಪದದ ಕೊನೆಯ ಎಕಾರ ಇಕಾರಗಳನ್ನು ಒಂದೇ ಎಂದು ಎಣಿಸುವುದು. ಮೇಷ್ಟರು ಇದಕ್ಕೆ ಒಪ್ಪಿಲ್ಲ. ಹಾಗಾದರೆ ‘ಮರೆ’ಯೂ ‘ಮರಿ’ಯೂ ಒಂದೇ ಏನು, ‘ಬಳೆ’ಯನ್ನು ‘ಬಳಿ’ಯೆನ್ನಬಹುದೇನು ಎಂದು ಅವರ ತಕರಾರು. ಅರ್ಥ ಬೇರೆಯಾದಲ್ಲಿ ನಿಯಮ ಅನ್ವಯಿಸದು ಎಂದು ತಿದ್ದುಪಡಿ ಮಾಡಿದ್ದೇವೆ. ಅದರಲ್ಲಿಯೂ ಅವರು ಲೋಪ ಹುಡುಕುತ್ತಿದ್ದಾರೆ.

ನಾಲ್ವರಲ್ಲಿ ಹೆಚ್ಚು ಗೆಲ್ಲುವವರು ಮಲ್ಲೇಶ್ವರದವರೇ. ಕನ್ನಡವನ್ನು ಬೀದಿಯಲ್ಲಿ, ಅಂಗಡಿಯಲ್ಲಿ, ಕಿವಿಗೊಟ್ಟು ಕಲಿತವರು ಅವರು; ನಾವು ಗಮನಿಸದೆ ನುಂಗಿಬಿಡುವ ಅಕ್ಷರವನ್ನು ಅವರು ಎಣಿಸುತ್ತಾರೆ. ಮೊನ್ನೆ ಅವರು ಬಚ್ಚಿಟ್ಟ ಪದ ‘ಕಡಗೋಲು’. ನಾನು ನಾಲ್ಕನೆಯ ಊಹೆಗೆ ‘ಕಡೆಗೋಲು’ ಎಂದೆ. ಎರಡು ರೂಪವೂ ಬಳಕೆಯಲ್ಲಿವೆ, ವಸ್ತುವೂ ಒಂದೇ, ಮಜ್ಜಿಗೆಯೂ ಅದೇ. ಆದರೆ ನಮ್ಮ ನಿಯಮ ಹೇಳುವುದು ಪದದ ಕೊನೆಯ ಎಕಾರವನ್ನು ಕುರಿತು, ನಡುವಣ ಎಕಾರವನ್ನಲ್ಲ. ಡೆ ಪೂರ್ತಿಯೋ, ಹತ್ತಿರದ ಅರ್ಧವೋ? ಮೇಷ್ಟರು ಒಂದು ಕಡೆ, ಚಾಮರಾಜಪೇಟೆಯವರು ನನ್ನ ಕಡೆ. ಬೆಂಚಿನ ಕೆಳಗೆ ಗುಡಿಸಬೇಕೆಂದು ಉದ್ಯಾನದ ಮಾಲಿ ನಮ್ಮನ್ನು ಎಬ್ಬಿಸುವವರೆಗೂ ಅದು ತೀರ್ಮಾನವಾಗಿರಲಿಲ್ಲ.