ಕಣ್ಣೀರಿನ ಕಾವಲು

ಕಣ್ಣೀರು ಕೇವಲ ದುಃಖದ ಕುರುಹಲ್ಲ. ಅಳುವಿಲ್ಲದ ವೇಳೆಯಲ್ಲಿಯೂ ಅದು ಕಣ್ಣನ್ನು ಹಗಲಿರುಳು ಕಾಯುತ್ತಿರುತ್ತದೆ.

ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ಬೆಳಕಿನ ದಾರಿಗೆ ಅಡ್ಡಿಯಾಗುತ್ತಿತ್ತು. ಆದುದರಿಂದ ಎಚ್ಚರದಲ್ಲಿ ಅದಕ್ಕೆ ಬೇಕಾದ ಆಮ್ಲಜನಕದ ಹೆಚ್ಚಿನ ಪಾಲು ಗಾಳಿಯಿಂದ ಕಣ್ಣೀರಿನ ಮೂಲಕವೇ ಒದಗಬೇಕು. ಈ ಕಣ್ಣೀರಿನ ಪೊರೆ ಅತಿ ತೆಳುವಾದದ್ದು. ಅಡಿಯಲ್ಲಿ ಲೋಳೆ, ನಡುವೆ ನೀರು, ಮೇಲೆ ಅದು ಆರದಂತೆ ತಡೆಯುವ ಎಣ್ಣೆಯ ಲೇಪ. ರೆಪ್ಪೆ ಬಡಿದಾಗಲೆಲ್ಲ ಪೊರೆ ಹೊಸದಾಗಿ ಹರಡುತ್ತದೆ.

ಈ ನೀರಿನಲ್ಲಿ ಅಸ್ತ್ರವೂ ಅಡಗಿದೆ. 1922ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಫ್ಲೆಮಿಂಗರು ಲೈಸೋಜೈಮ್ ಎಂಬ ವಸ್ತುವನ್ನು ಲೋಕಕ್ಕೆ ತಿಳಿಸಿದರು. ನಿಂಬೆಯ ಸಿಪ್ಪೆ ಹಿಂಡಿ ಸಹೋದ್ಯೋಗಿಗಳ ಕಣ್ಣಲ್ಲಿ ನೀರು ತರಿಸಿ, ಅದು ಕೆಲವು ಬ್ಯಾಕ್ಟೀರಿಯಾಗಳನ್ನು ಕರಗಿಸುವುದನ್ನು ತೋರಿಸಿದರು. ಪೆನಿಸಿಲಿನ್ ಅವರ ಕಣ್ಣಿಗೆ ಬಿದ್ದುದು ಅನಂತರ, 1928ರಲ್ಲಿ.

ಕಣ್ಣೀರಿನ ಮೇಲೆಯೇ ತೇಲುವ ವಸ್ತು ಕಾಂಟ್ಯಾಕ್ಟ್ ಲೆನ್ಸ್. 1888ರಲ್ಲಿ ಅಡಾಲ್ಫ್ ಫಿಕ್ ರೂಪಿಸಿದ ಮಸೂರ ಭಾರವಾದ ಗಾಜಿನದು. 1961ರಲ್ಲಿ ಚೆಕ್ ರಸಾಯನಶಾಸ್ತ್ರಜ್ಞ ಒಟ್ಟೊ ವಿಕ್ಟರ್ಲೆ ತಮ್ಮ ಮನೆಯಲ್ಲಿಯೇ, ಮಕ್ಕಳ ಆಟದ ಜೋಡಣೆಯ ಸಾಮಾನುಗಳಿಂದ ಯಂತ್ರ ಕಟ್ಟಿ, ನೀರು ಹೀರುವ ಮೃದು ಮಸೂರಗಳನ್ನು ತಯಾರಿಸಿದರು. ಆದರೆ ಎಷ್ಟೇ ಮೃದುವಾದರೂ ಮಸೂರವು ಕಣ್ಣೀರಿನ ಪೊರೆಯನ್ನು ಇಬ್ಭಾಗಿಸುತ್ತದೆ. ಅದನ್ನು ನಲ್ಲಿಯ ನೀರಿನಲ್ಲಿ ತೊಳೆದರೆ, ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಕಾರ್ನಿಯಾವನ್ನು ಹೊಕ್ಕು ದೃಷ್ಟಿಗೇ ಎರವಾಗಬಹುದು.

ಕನ್ನಡನಾಡಿನಲ್ಲಿಯೂ ಈ ಸಂಶೋಧನೆ ನಡೆದಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಪ್ರಯೋಗಾಲಯದಲ್ಲಿ, ರೆಪ್ಪೆಯಂಚಿಗೆ ಸಿಕ್ಕಿಸಿದ ಕಾಗದದ ಪಟ್ಟಿಯು ಹೀರಿದ ಕಣ್ಣೀರನ್ನು ಪರೀಕ್ಷಿಸಿ, ಕಣ್ಣು ಒಣಗುವ ಬೇನೆಯಲ್ಲಿ ಉರಿಯೂತದ ಯಾವ ವಸ್ತುಗಳು ಹೆಚ್ಚುತ್ತವೆಂದು ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ. ಆ ಪಟ್ಟಿಯ ಪರೀಕ್ಷೆಯನ್ನು 1903ರಲ್ಲಿ ರೂಪಿಸಿದವರು ಜರ್ಮನಿಯ ಒಟ್ಟೊ ಶಿರ್ಮರ್.

ಯಾದಗಿರಿಯ ಸೀಮೆಗೆ ಈ ವಿಷಯ ದೂರದ್ದಲ್ಲ. ಇಲ್ಲಿನ ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ಮೀರುತ್ತದೆ. ಬಿಸಿಗಾಳಿಗೆ ಕಣ್ಣೀರಿನ ಪೊರೆ ಬೇಗನೆ ಆರುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರಗಳಲ್ಲಿ ಭತ್ತದ ಗದ್ದೆಗಳು ಹಬ್ಬಿವೆ. ರಾಶಿಯ ಕಾಲದಲ್ಲಿ ಹೊಟ್ಟು ಕಣ್ಣಿಗೆ ಬಿದ್ದರೆ ನೀರು ಸುರಿದು ಅದನ್ನು ತೊಳೆಯಲು ಹೆಣಗುತ್ತದೆ. ಆದರೆ ಮೊನಚಾದ ಹೊಟ್ಟು ಕಾರ್ನಿಯಾವನ್ನು ಗೀರಿದರೆ, ಆ ಗಾಯದಲ್ಲಿ ಬೂಷ್ಟು ಬೇರೂರಬಹುದು. ಅದರ ಮುಂದೆ ಲೈಸೋಜೈಮಿನ ಶಕ್ತಿ ಸಾಲದು. ಆಗ ಎಲೆಯ ರಸ, ಹರಳೆಣ್ಣೆ, ಎದೆಹಾಲು ಹಾಕುವುದು ಅಪಾಯ. ಔಷಧದ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಇನ್ನೂ ಅಪಾಯ. ಅದು ಕೆಂಪನ್ನು ಇಳಿಸಿ ಬೂಷ್ಟನ್ನು ಬೆಳೆಸುತ್ತದೆ. ವಾಸಿಯಾದ ಮೇಲೂ ಉಳಿಯುವ ಬಿಳಿಯ ಕಲೆ ಬೆಳಕಿನ ದಾರಿಯನ್ನೇ ಮುಚ್ಚಬಲ್ಲದು.

ಕಣ್ಣನ್ನು ಉಜ್ಜದೆ, ಶುದ್ಧ ನೀರಿನಿಂದ ತೊಳೆದು, ಅಂದೇ ನೇತ್ರವೈದ್ಯರನ್ನು ಕಾಣುವುದು ಲೇಸು. ಕಣ್ಣೀರು ತನ್ನ ಪಾಲಿನ ಕೆಲಸ ಮಾಡಿರುತ್ತದೆ. ಮಿಕ್ಕುದು ಮನುಷ್ಯನ ವಿವೇಕಕ್ಕೆ ಬಿಟ್ಟದ್ದು.